ಕ್ರಿಸ್ಮಸ್ ಮರದ ತುದಿ, ಕಾಡುಗುಲಾಬಿಯ ಬುಡ

ರಿಚರ್ಡ್ಸ್ ಟೌನಿನಲ್ಲಿ ನಾವು ಬಾಡಿಗೆಗಿರುವ ಹಳೇ ಮನೆಯ ಕಾಂಪೌಂಡಿನಲ್ಲಿ ಒಂದು ಕ್ರಿಸ್ಮಸ್ ಮರವಿದೆ. ಅಂತಸ್ತು ಅಂತಸ್ತಾಗಿ ಕೊಂಬೆ, ಎಲ್ಲಕ್ಕೂ ಮೇಲೆ ಒಂದೇ ತುದಿ. ನಮ್ಮ ಯಜಮಾನರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ, ಮಾತೂ ನಿಂತ ಮೇಲೆ, ಅವರ ಮಂಚವನ್ನು ಕಿಟಕಿಯ ಹತ್ತಿರ ಎಳೆದೆವು. ದಿನವಿಡೀ ಆ ಮರವನ್ನೇ ನೋಡುತ್ತಿದ್ದರು. ಕೈಯಲ್ಲಿ ನೋವು ಗೊತ್ತಾಗಲು ಶುರುವಾದರೆ ಆಸೆಯಿದೆ ಎಂದು ವ್ಯಾಯಾಮ ಮಾಡಿಸಲು ಬರುವಾಕೆ ಹೇಳಿದ್ದಳು. ಮರದ ತುದಿ ನೆಟ್ಟಗಿರುವವರೆಗೆ ಇವರೂ ಎದ್ದಾರು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಅದು ನಾನೇ ಅಂದುಕೊಂಡದ್ದು. ದೇವರಿಗೆ ದೀಪ ಹಚ್ಚಿ, ಆ ತುದಿಗೂ ಕೈ ಮುಗಿಯುತ್ತಿದ್ದೆ.

ಮೇ ತಿಂಗಳ ಗಾಳಿಗೆ ತುದಿ ಮುರಿದು ಬಿತ್ತು.

"ಅಯ್ಯೋ ಕರ್ತನೇ! ನಮ್ಮಪ್ಪ ನೆಟ್ಟಿದ್ದಮ್ಮಾ," ಎಂದರು ಮನೆ ಓನರ್ ಆಂಟಿ. "ಇದಕ್ಕೆ ಒಂದೇ ತಲೆ. ಹೋದ್ರೆ ಇನ್ನು ನೆಟ್ಟಗೆ ಬರಲ್ಲ." ನನ್ನ ಮುಖ ನೋಡಿದವರೇ ಮಾತು ತಿರುಗಿಸಿದರು. "ನಿನ್ ರೋಸ್ ನೋಡು, ಎಷ್ಟು ಕತ್ತರಿಸಿದ್ರೂ ಬುಡದಿಂದ ಬಂದ್ಬಿಡತ್ತೆ."

ಆ ರೋಸು ನಾನು ನರ್ಸರಿಯಿಂದ ತಂದ ಕೆಂಪು ಗುಲಾಬಿಯ ಕಸಿ. ಕಸಿ ಒಣಗಿ, ಅದನ್ನು ಕಟ್ಟಿದ್ದ ಕಾಡುಗುಲಾಬಿಯ ಬೇರು ಚಿಗುರಿ ಗೋಡೆ ಏರಿತ್ತು. ತಿಳಿಯದೆ ಅದಕ್ಕೇ ನೀರು ಹಾಕಿದೆ. ಬಿಟ್ಟದ್ದು ಐದೇ ಎಸಳಿನ ಬಿಳಿ ಹೂವು.

"ಕಾಡು ರೋಸ್ ಇಟ್ಟು ದೇವರಿಗೇ ಟೋಪಿ ಹಾಕ್ತೀಯಲ್ಲೇ!" ಎಂದು ಆಂಟಿ ರೇಗಿಸಿದ್ದರು.

"ನಮ್ಮ ಅಮ್ಮನೋರು ಎಸಳು ಎಣಿಸಲ್ಲ ಆಂಟಿ," ಎಂದಿದ್ದೆ.

ಈಗ ಮರ ಬಿಟ್ಟು ಗುಲಾಬಿಯನ್ನು ಹಿಡಿದುಕೊಂಡೆ. ಇವರೂ ಬುಡದಿಂದ ಚಿಗುರಲಿ ತಾಯೀ ಎಂದು ಒಂದು ಮುಳ್ಳಿನ ಟೊಂಗೆ ಮುರಿದು ತಂದು ಅವರ ಬಲಗೈಯಲ್ಲಿಟ್ಟು, ಬೆರಳುಗಳನ್ನು ನಾನೇ ಮಡಚಿ ಒತ್ತಿದೆ.

"ರೀ, ಚುಚ್ತಾ? ಸ್ವಲ್ಪಾನಾದ್ರೂ ಚುಚ್ತಾ?"

ತಲೆ ಅಲ್ಲಾಡಿಸಿದರು. ಇಲ್ಲ.

ಇನ್ನೂ ಒತ್ತಿದೆ. ಬೆರಳ ಸಂದಿನಿಂದ ರಕ್ತ ಇಳಿಯಿತು. ಅವರು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದರು. ನಾನು ಸೆರಗಿನಿಂದ ಒರೆಸಿದೆ. ರಕ್ತ ಬಿಸಿಯಾಗಿತ್ತು, ಅಷ್ಟಾದರೂ ಉಳಿಸಿದ್ದಾಳೆ ತಾಯಿ ಅಂದುಕೊಂಡೆ. ಅಷ್ಟರಲ್ಲಿ ಅವರು ತುದಿಯಿಲ್ಲದ ಮರವನ್ನೊಮ್ಮೆ ನೋಡಿ, ಎಡಗೈ ಎತ್ತಿ, ಕಿಟಕಿ ಮುಚ್ಚು ಎಂದು ಸನ್ನೆ ಮಾಡಿದರು.

ಮುಚ್ಚಿದೆ. ಸಂಜೆ ದೀಪದ ಮುಂದೆ ಕೂತರೆ ಏನು ಬೇಡಬೇಕೆಂದೇ ತೋಚಲಿಲ್ಲ.