ಮುದ್ದೆ ಬಂದಿದ್ದು ಹಲ್ಲಿಗೆ ಗೊತ್ತಾಗಬಾರದು

ಮೊನ್ನೆ ಭಾನುವಾರ ಜಂಗಮಕೋಟೆಯ ಅಕ್ಕನ ಮನೆಗೆ ಹೋದರೆ, ಗೇಟು ತೆಗೆಯುವ ಮೊದಲೇ ಲವಂಗದೆಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಅದು ರೇಷ್ಮೆ ಹುಳ ಸಾಕುವ ಮನೆ. ಅಲ್ಲಿ ಬರಬೇಕಾದದ್ದು ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಲವಂಗದೆಣ್ಣೆ ಬರುತ್ತಿದೆ ಎಂದರೆ ಯಾರದೋ ಬಾಯೊಳಗೆ ಅನಾಹುತವಾಗಿದೆ ಎಂದೇ ಅರ್ಥ. ನೋಡಿದರೆ ಭಾವ ಜಗಲಿಯ ಮೇಲೆ, ಚಪ್ಪಲಿಗಳ ಪಕ್ಕ, ತಲೆಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಬಲಗೆನ್ನೆ ಬೇಕರಿಯ ಬನ್ನಿನ ಹಾಗೆ ಉಬ್ಬಿತ್ತು. ಒಳಗೆ ಹುಳ ಇದೆ, ಘಾಟು ವಾಸನೆ ಅದಕ್ಕಾಗುವುದಿಲ್ಲ. ಹಾಗಾಗಿ ಅಕ್ಕ ಮನೆಯ ಯಜಮಾನನನ್ನೇ ಹೊರಗೆ ಹಾಕಿದ್ದಳು.

“ಬುದ್ಧಿ ಹಲ್ಲು ಕೀಳಿಸಿದ್ರಾ ಭಾವ?”

ತಲೆಯಾಡಿಸಿದರು. ಅವರು ಮೊದಲೇ ಮಾತು ಕಮ್ಮಿ. ಈಗ ಆ ಕಮ್ಮಿಗೂ ಬೀಗ ಬಿದ್ದಿತ್ತು.

“ಏನು ತಿಂತಾ ಇದೀರಾ ಮತ್ತೆ?”

ಭಾವ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಇಬ್ಬರಿಗೂ ಒಂದೇ ಸಲ ನಗು ಕಿತ್ತುಕೊಂಡು ಬಂತು. ಪಾಪ, ಅವರು ಕೆನ್ನೆ ಹಿಡಿದುಕೊಂಡು, “ಅಯ್ಯೋ ಅಯ್ಯೋ” ಎಂದು ಅತ್ತುಕೊಂಡೇ ನಕ್ಕರು.

ಅದರಲ್ಲಿ ನಗುವಂಥದ್ದು ಏನಿತ್ತು ಎಂದು ಹೇಳಬೇಕಾದರೆ ನಿಮ್ಮನ್ನು ಕೆಲವು ವರ್ಷ ಹಿಂದಕ್ಕೆ, ಅಕ್ಕನ ಮದುವೆಗೆ ಕರೆದುಕೊಂಡು ಹೋಗಬೇಕು. ಬನ್ನಿ, ಉಡುಗೊರೆಯೇನೂ ತರಬೇಡಿ.

ನಮ್ಮದು ಮಂಡಿಕಲ್ ಪಕ್ಕದ ಹಳ್ಳಿ. ಆಗ ನಾನು ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಅಪ್ಪ ಹೇಳಿಕೊಳ್ಳುತ್ತಿದ್ದ ಮಾತು. ನಿಜವಾಗಿ ನಾನು ಮಾಡುತ್ತಿದ್ದದ್ದು ಮಿಮಿಕ್ರಿ. ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಎನ್ನುವುದು, ಹಿಟ್ಟಿನ ಗಿರಣಿಯವರು ಸೀನುವುದು, ನಮ್ಮ ಲೆಕ್ಚರರು ಬೋರ್ಡಿಗೇ ಪಾಠ ಹೇಳುವುದು, ಎಲ್ಲ ಮಾಡುತ್ತಿದ್ದೆ. ಆದರೆ ಜನ ಕೇಳಿ ಕೇಳಿ ಮಾಡಿಸುತ್ತಿದ್ದ ಐಟಂ ಎಂದರೆ ನಮ್ಮಜ್ಜಿ. ಅಜ್ಜಿಯ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ನಾನು ಟವೆಲ್ಲನ್ನು ಸೆರಗಿನಂತೆ ತಲೆಗೆಳೆದುಕೊಂಡು, ಒಂದು ಕಣ್ಣು ಮುಚ್ಚಿ, ಎರಡೂ ಕೆನ್ನೆ ಒಳಗೆ ಎಳೆದುಕೊಂಡರೆ ಸಾಕು, ಮಾತಾಡುವ ಮೊದಲೇ ಜನ ಬಿದ್ದು ಬಿದ್ದು ನಗುತ್ತಿದ್ದರು. ಅಜ್ಜಿ ಮಾತ್ರ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದಳು. ಗುರಿ ಚೆನ್ನಾಗಿತ್ತು.

ಇಂಥ ನನ್ನ ಬಾಯಿಗೆ ಅಕ್ಕನ ಮದುವೆಯ ದಿನವೇ ಗ್ರಹಚಾರ ವಕ್ಕರಿಸಿತು. ಧಾರೆಯ ಹೊತ್ತಿಗೆ ದವಡೆಯ ಮೂಲೆಯಲ್ಲಿ ಯಾರೋ ಒಳಗಿನಿಂದ ಗುದ್ದಲಿ ಹಾಕಿದಂತಾಯಿತು. ಮದುವೆ ಆಲ್ಬಮ್ಮಿನ ಎಲ್ಲ ಫೋಟೋದಲ್ಲೂ ನಾನು ಕೆನ್ನೆಗೆ ಕೈಕೊಟ್ಟು ನಿಂತಿದ್ದೇನೆ. ಅಕ್ಕ ಹೋಗುವುದಕ್ಕೆ ಎಷ್ಟು ದುಃಖ ಪಟ್ಟಿದ್ದಾನೆ ನೋಡಿ ಪಾಪ ಎಂದು ಬೀಗರ ಕಡೆಯವರು ಈಗಲೂ ಮೆಚ್ಚಿಕೊಳ್ಳುತ್ತಾರೆ. ನಾನು ತಿದ್ದಲು ಹೋಗಿಲ್ಲ.

ಮರುದಿನ ಅಪ್ಪ ಚಿಕ್ಕಬಳ್ಳಾಪುರದ ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಮಂಗಳೂರು ಕಡೆಯ ಹೆಣ್ಣುಮಗಳು, ಮೆತ್ತನೆಯ ಮಾತು, ಉಕ್ಕಿನಂಥ ಕೈ. ಹಲ್ಲು ಕಿತ್ತು, ಹತ್ತಿ ತುರುಕಿ, ಅಪ್ಪನಿಗೆ ಹೇಳಿದರು: “ಒಂದು ವಾರ ಮೆತ್ತಗಿನದ್ದು ಮಾತ್ರ ಕೊಡಿ ಆಯ್ತಾ. ಗಂಜಿ, ಮೊಸರನ್ನ, ಐಸ್‌ಕ್ರೀಮ್. ಅಗಿಯುವಂಥದ್ದು ಯಾವುದೂ ಬೇಡ.”

“ಮುದ್ದೆ ಕೊಡಬೋದಾ ಮೇಡಂ?”

“ರಾಗಿದಾ? ಅದು ಗಟ್ಟಿ ಅಲ್ವಾ? ಅಗೀಬೇಕಾಗ್ತದಲ್ಲ?”

ಅಪ್ಪನ ಮುಖ ನೋಡಬೇಕಿತ್ತು. “ಮುದ್ದೇನ ಯಾರಾದ್ರೂ ಅಗೀತಾರಾ ಮೇಡಂ?” ಎಂದವರು ಮೆಲ್ಲಗೆ ನನ್ನ ಕಡೆ ತಿರುಗಿ, ಬಾಯಿ ಮುಚ್ಚಿಕೊಂಡರು.

ಇಲ್ಲಿ ನಮ್ಮ ಮನೆಯ ಗುಟ್ಟೊಂದನ್ನು ಹೇಳಬೇಕು. ನೀವು ಮುದ್ದೆ ಸೀಮೆಯವರಲ್ಲದಿದ್ದರೆ ಕೇಳಿ: ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಅಗಿದರೆ ಅದು ಹಲ್ಲಿಗೆಲ್ಲ ಮೆತ್ತಿಕೊಳ್ಳುತ್ತದೆ, ಎದುರಿಗೆ ಕೂತವರು ನೋಡಬಾರದ್ದನ್ನು ನೋಡಿದವರಂತೆ ಮುಖ ತಿರುಗಿಸುತ್ತಾರೆ. ಮೂರು ವರ್ಷದ ಕೂಸೂ ನುಂಗುತ್ತದೆ. ನಾನು ಮಾತ್ರ ಹುಟ್ಟಾ ಅಗಿಯುವವನು. ನನ್ನ ಗಂಟಲಿಗೆ ಯಾರ ಮೇಲೂ ನಂಬಿಕೆಯಿಲ್ಲ. ಏನು ಬಂದರೂ ಹಲ್ಲಿಗೆ ಒಪ್ಪಿಸಿ ವಿಚಾರಣೆ ಮಾಡಿಸದೆ ಒಳಗೆ ಬಿಡುವುದಿಲ್ಲ. ನೆಂಟರ ಮನೆ ಊಟದಲ್ಲಿ ಅಮ್ಮ ನನ್ನನ್ನು ಗೋಡೆ ಕಡೆಗೆ ಕೂರಿಸಿ, “ಆ ಕಡೆ ತಿರುಕ್ಕೊಂಡು ತಿನ್ನಪ್ಪ” ಎನ್ನುತ್ತಿದ್ದಳು.

ಡಾಕ್ಟರು ಯೋಚಿಸಿ ಒಪ್ಪಿಗೆ ಕೊಟ್ಟರು. “ಅಗಿಯದೆ ನುಂಗುವುದಾದರೆ ತಿನ್ಲಿ. ಬಿಸಿ ಆರಿರಬೇಕು. ಅಗಿದರೆ ಮಾತ್ರ ಗಾಯಕ್ಕೆ ಸಿಕ್ಕಿಹಾಕಿಕೊಳ್ತದೆ, ಮತ್ತೆ ನನ್ನ ಹತ್ರ ಬರಬೇಕಾಗ್ತದೆ.” ಆ ಉಕ್ಕಿನ ಕೈ ನೋಡಿದ ಮೇಲೆ ಮತ್ತೆ ಬರುವ ಆಸೆ ನನಗಿರಲಿಲ್ಲ.

ಮನೆಗೆ ಬಂದರೆ ಅಲ್ಲಿ ಇನ್ನೊಂದು ಪಜೀತಿ. ಹತ್ತಿ ತುರುಕಿದ ಬಾಯಲ್ಲಿ “ಅಜ್ಜೀ, ನೀರು” ಎಂದೆ. ಬಂದ ದನಿ ಥೇಟ್ ಅಜ್ಜಿಯದೇ.

“ನೋವಿನಾಗೂ ನನ್ನೇ ಆಡ್ಕೊಂತೀಯೇನೋ ಮುಂಡೇದೆ!” ಎಂದು ಅಜ್ಜಿ ಪೊರಕೆಗೆ ಕೈಹಾಕಿದಳು. ಇಲ್ಲ ಕಣಜ್ಜಿ, ನಿಜವಾಗ್ಲೂ ಎಂದು ನಾನು ಎಷ್ಟು ಬೇಡಿಕೊಂಡರೆ ಅಷ್ಟು ಚೆನ್ನಾಗಿ ಅವಳ ಹಾಗೇ ಕೇಳಿಸುತ್ತಿತ್ತು. ಕೊನೆಗೆ ಅಪ್ಪ ಬಂದು ಸಾಕ್ಷಿ ಹೇಳಿದ ಮೇಲೆ ನೀರು ಸಿಕ್ಕಿತು.

ಮದುವೆಯಾದ ಮನೆ ನೋಡಿ, ಎಲ್ಲ ಕಡೆ ತಿಂಡಿಯ ಡಬ್ಬ. ಗೌರಿಬಿದನೂರಿನ ಚಿಕ್ಕಮ್ಮ ನಿಪ್ಪಟ್ಟು ಮುಂದಿಟ್ಟು, “ಬಾಯಲ್ಲಿಟ್ರೆ ಕರ್ಗೋಗುತ್ತೆ, ತಿನ್ನಪ್ಪ” ಎಂದರು. ಚಿಕ್ಕಮ್ಮನ ನಿಪ್ಪಟ್ಟು ಕಾಫಿಯಲ್ಲಿಟ್ಟರೂ ಕರಗುವುದಿಲ್ಲ. ಗೊತ್ತು, ಇಟ್ಟು ನೋಡಿದ್ದೇನೆ. ಚಿಂತಾಮಣಿಯಿಂದ ಬಂದ ಅಪ್ಪನ ಸ್ನೇಹಿತರು ನನ್ನ ಕ್ಷೇಮ ವಿಚಾರಿಸಿ ತೊಡೆಯ ಮೇಲೆ ಹುರಿದ ಕಡಲೆಕಾಯಿ ಸುರಿದು ಹೋದರು. ಡಾಕ್ಟರು ಹೇಳಿದ ಐಸ್‌ಕ್ರೀಮ್ ನಮ್ಮೂರಿಗೆ ಬರುತ್ತಿದ್ದದ್ದು ಸೈಕಲ್ ಮೇಲೆ, ಕಡ್ಡಿ ಚುಚ್ಚಿದ ಕೆಂಪು ಬಣ್ಣದ ಮಂಜುಗಡ್ಡೆಯಾಗಿ. ಚಕ್ಕುಲಿಯನ್ನು ಹಾಲಲ್ಲಿ ನೆನೆಹಾಕಿ, ಅದು ಎರೆಹುಳದಂತಾದ ಮೇಲೆ ತಿಂದೆ. ರುಚಿ ಕೇಳಬೇಡಿ.

ಇಷ್ಟಾಗಿದ್ದರೆ ಗಂಜಿ ಕುಡಿದುಕೊಂಡು ಬಿದ್ದಿರುತ್ತಿದ್ದೆ. ಆದರೆ ಮುಂದಿನ ಭಾನುವಾರ ಜಂಗಮಕೋಟೆಯಲ್ಲಿ ಬೀಗರ ಊಟ. ಮದುವೆಯ ಊಟ ಸಿಹಿಯದಾದರೆ ಬೀಗರ ಊಟ ಬಾಡಿನದು, ಅಂದರೆ ಮಾಂಸದ್ದು. ಭಾವನ ಮನೆಯಲ್ಲಿ ಒಂದು ಪದ್ಧತಿ ಬೇರೆ. ಹೆಣ್ಣಿನ ತಮ್ಮನನ್ನು ಭಾವನ ದೊಡ್ಡಪ್ಪನ ಎದುರಿಗೆ ಕೂರಿಸುತ್ತಾರೆ. ದೊಡ್ಡಪ್ಪ ಮುದ್ದೆ ನುಂಗುವುದರಲ್ಲಿ ಸುತ್ತಿಗೆಲ್ಲ ಹೆಸರುವಾಸಿ. ಅವರು ಏಳುವ ತನಕ ತಮ್ಮ ಏಳಬಾರದು, ಎಲೆಯ ಮೇಲೆ ಏನೂ ಬಿಡಬಾರದು. ಬಿಟ್ಟರೆ ಹೆಣ್ಣಿನ ಕಡೆಯವರಿಗೆ ನಮ್ಮನೆ ಅನ್ನ ರುಚಿಸಲಿಲ್ಲ ಎಂದು ಮಾತು.

ಅಕ್ಕ ಗಂಡನ ಮನೆಯಿಂದ ಫೋನ್ ಮಾಡಿದಳು. ಅಕ್ಕ ಯಾವತ್ತೂ ಬೇಡಿಕೊಳ್ಳುವವಳಲ್ಲ, ನನ್ನ ಕಿವಿ ಹಿಂಡಿಯೇ ಕೆಲಸ ಮಾಡಿಸಿದವಳು. ಅವತ್ತು ಮಾತ್ರ ಪಿಸುಗುಟ್ಟಿದಳು: “ಹಲ್ಲಿನ ವಿಷ್ಯ ಹೇಳಿದೆ ಕಣೋ. ನೆಪ ಅಂತವ್ರೆ. ನೀನು ಎಲೆ ಬಿಟ್ಟು ಎದ್ರೆ ನಾನು ಬದುಕಿರೋ ತನಕ ಇಲ್ಲಿ ಅದನ್ನೇ ಕೇಳ್ಬೇಕು. ಅವರ ಮುಂದೆ ಅಗೀಬೇಡ ಬೇರೆ. ಹೆಂಗಾದ್ರೂ ನುಂಗೋ.”

ಅಜ್ಜಿ ಪೊರಕೆ ಕೆಳಗಿಟ್ಟು ಮೇಷ್ಟರಾದಳು. ಮಸ್ಸೊಪ್ಪು, ಆರಿದ ಮುದ್ದೆ, ಎದುರಿಗೆ ನಾನು. “ಚಿಕ್ಕದಾಗಿ ಮುರ್ಕೋ. ಬೆರಳಲ್ಲಿ ಉಂಡೆ ಮಾಡು. ಸಾರಲ್ಲಿ ಮುಳುಗ್ಸು. ನಾಲ್ಗೆ ಹಿಂದಕ್ಕಿಟ್ಟು ಕೈಬಿಟ್ಬಿಡು, ಅಷ್ಟೇಯ. ಮುದ್ದೆ ಬಂದಿದ್ದು ಹಲ್ಲಿಗೆ ಗೊತ್ತಾಗ್ಬಾರ್ದು.” ಅವಳದ್ದು ಸಲೀಸಾಗಿ ಇಳಿಯುತ್ತಿತ್ತು, ಇಳಿದ ಮೇಲೆ “ಹ್ಞೂಂ” ಎಂದು ಒಂದು ರಶೀದಿ ಬೇರೆ. ಅವಳಿಗೇನು, ಗೊತ್ತಾಗಲು ಹಲ್ಲೇ ಇಲ್ಲ. ನನ್ನದು ಗಂಟಲ ತನಕ ಹೋಗಿ, ಹೆದರಿ, ವಾಪಸ್ ಬರುತ್ತಿತ್ತು. ಬಿಕ್ಕಳಿಕೆ, ಕಣ್ಣಲ್ಲಿ ನೀರು. ವಾರವೆಲ್ಲ ಇದೇ ಪಾಠ. ಶನಿವಾರ ಅಜ್ಜಿ ಕೈಚೆಲ್ಲಿದಳು. “ಕೋಳಿ ಮರಿಗಾದ್ರೂ ಕಲಿಸ್ಬೋದು” ಎಂದು ಎದ್ದುಹೋದಳು.

ಭಾನುವಾರ ಶಾಮಿಯಾನದ ಕೆಳಗೆ ಎರಡು ಸಾಲು ಎಲೆ. ನನ್ನ ಎದುರಿಗೆ ದೊಡ್ಡಪ್ಪ, ಮೀಸೆಯ ತುದಿ ಕಿವಿಯ ಜೊತೆ ಮಾತಾಡುತ್ತಿತ್ತು. ಅವರ ಸಾಲಿನ ಕೊನೆಯಲ್ಲಿ ನಮ್ಮಜ್ಜಿ. ನನ್ನ ಪಕ್ಕದಲ್ಲಿ ಮದುಮಗ ಭಾವ, ಬಾಯಿ ಹೊಲಿದುಕೊಂಡವರಂತೆ. ಎಲೆಗೆ ಮುದ್ದೆ ಬಿತ್ತು, ಸಾರು ಬಿತ್ತು, ಅದರ ಮೇಲೆ ಮೂಳೆ ಸಮೇತ ಬಾಡು ಬಿತ್ತು. ಅಕ್ಕ ಬಡಿಸುವ ಬಕೆಟ್ ಹಿಡಿದು ಕಂಬದ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಳು.

ಮೊದಲ ತುತ್ತು ಇಟ್ಟೆ. ಗಂಟಲು ಬಾಗಿಲು ಹಾಕಿಕೊಂಡಿತು. ತಲೆಯೆತ್ತಿಕೊಂಡು ಹಾಗೇ ಕೂತೆ, ನುಂಗಲೂ ಆಗದೆ ಉಗಿಯಲೂ ಆಗದೆ.

“ಏಮಪ್ಪಾ, ಹುಳ ಜ್ವರಕ್ಕೆ ಕೂತಂಗೆ ಕೂತ್ಬಿಟ್ಟೆ?” ಎಂದರು ದೊಡ್ಡಪ್ಪ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ. ರೇಷ್ಮೆ ಹುಳ ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂತಿರುತ್ತದೆ. ಅದನ್ನು ಅಲ್ಲಿಯವರು ಜ್ವರ ಎನ್ನುತ್ತಾರೆ. ಇಡೀ ಸಾಲು ಗೊಳ್ಳೆಂದಿತು. ಅಕ್ಕ ನಗಲಿಲ್ಲ. ಅವಳು ಬಕೆಟ್ಟಿನ ಹಿಡಿಯನ್ನು ತಿರುಗಿಸುತ್ತ ನಿಂತಿದ್ದಳು, ಮನೆಯಲ್ಲಿ ಅಳು ತಡೆಯುವಾಗ ಸೆರಗಿನ ಅಂಚನ್ನು ತಿರುಗಿಸುತ್ತಿದ್ದ ಹಾಗೆ.

ನಾನು ನಾನಾಗೇ ಇದ್ದರೆ ನನ್ನ ಕೈಲಾಗುವುದಿಲ್ಲ ಎಂಬುದು ನನಗೆ ಖಚಿತವಾಯಿತು. ನಾನಾಗಿ ಆಗುವುದಿಲ್ಲ, ಸರಿ. ಹೆಗಲ ಮೇಲಿನ ಟವೆಲ್ಲನ್ನು ತಲೆಗೆಳೆದುಕೊಂಡೆ. ಒಂದು ಕಣ್ಣು ಮುಚ್ಚಿದೆ. ಕೆನ್ನೆ ಒಳಗೆಳೆದುಕೊಂಡು, ಕತ್ತು ಸ್ವಲ್ಪ ಮುಂದಕ್ಕೆ ಚಾಚಿದೆ. ಮುದ್ದೆ ಬಾವಿಗೆ ಬಿಂದಿಗೆ ಇಳಿದಂತೆ ಇಳಿದುಹೋಯಿತು.

“ಹ್ಞೂಂ” ಎಂದೆ.

ನನಗೇ ಆಶ್ಚರ್ಯ. ಇನ್ನೊಂದು ತುತ್ತು, ಇನ್ನೊಂದು ಹ್ಞೂಂ. ವಾರವೆಲ್ಲ ನನಗೆ ಬಾರದ್ದು ಅಜ್ಜಿಯ ವೇಷಕ್ಕೆ ಮೊದಲಿಂದಲೂ ಗೊತ್ತಿತ್ತು. ಎಲೆಯ ಮುದ್ದೆ ಖಾಲಿಯಾಯಿತು. “ಇಂಕೊಕಟಿ!” ಎಂದು ದೊಡ್ಡಪ್ಪ ಇನ್ನೊಂದು ಹಾಕಿಸಿದರು, ತಮಗೂ ಹಾಕಿಸಿಕೊಂಡರು. ನಾನು ಅಜ್ಜಿಯ ದನಿಯಲ್ಲಿ, “ಸಾಕು ಕಣಪ್ಪಾ, ವಯಸ್ಸಾದೋಳಿಗೆ ಯಾಕೆ ಇಷ್ಟೊಂದು ಹಾಕ್ತೀಯ?” ಎಂದೆ. ಆಗಲೇ ಸಾಲಿನ ಕೊನೆಯಿಂದ ಅಸಲಿ ಅಜ್ಜಿಯ ದನಿ ಬಂತು:

“ಸೆರಗು ಹಂಗಲ್ಲ ಕಣೋ ಮುಂಡೇದೆ! ಅಷ್ಟು ಕೆಳಕ್ಕೆ ಎಳೀಬೇಡ. ಹಣೆ ಕಾಣ್ಬೇಕು!”

ಒಂದೇ ದನಿ ಎರಡು ಕಡೆಯಿಂದ ಬಂದರೆ ಯಾರು ತಾನೆ ತಡೆದಾರು? ದೊಡ್ಡಪ್ಪನ ಬಾಯಲ್ಲಿ ತುತ್ತಿತ್ತು. ನಗು ಮೇಲಕ್ಕೆ ಬಂತು, ಮುದ್ದೆ ಕೆಳಕ್ಕೆ ಹೋಗುತ್ತಿತ್ತು, ಎರಡೂ ದಾರಿಯಲ್ಲಿ ಎದುರುಬದುರಾದವು. ಕಣ್ಣು ಕೆಂಪಗಾಗಿ, ಮೀಸೆ ನಡುಗಿ, ಬೇರೆ ದಾರಿಯಿಲ್ಲದೆ ಅವರ ದವಡೆ ಅಲ್ಲಾಡಿತು. ಒಂದು ಸಲ ಅಲ್ಲ, ಸರಿಯಾಗಿ.

“ಅಗಿದ್ಬಿಟ್ರು!” ಎಂದು ನಮ್ಮ ಕಡೆಯವರು ಕೂಗಿದರು. “ನಮಿಲಿನಾಡು!” ಎಂದು ಅವರ ಕಡೆಯವರೂ ಅದನ್ನೇ ತೆಲುಗಿನಲ್ಲಿ ಕೂಗಿದರು. ದೊಡ್ಡಪ್ಪ ನೀರು ಕುಡಿದು, ಕಣ್ಣೊರೆಸಿಕೊಂಡು, ನನ್ನನ್ನಲ್ಲ, ಅಜ್ಜಿಯನ್ನು ನೋಡಿ ಕೈಮುಗಿದರು.

ನನ್ನ ಎರಡನೆಯ ಮುದ್ದೆಯೂ ಇಳಿಯಿತು, ಆದರೆ ಎಲೆಯ ಮೇಲೆ ಬಾಡು ಹಾಗೇ ಇತ್ತು. ಅದನ್ನು ಯಾವ ಅಜ್ಜಿಯ ವೇಷದಲ್ಲೂ ನುಂಗಲಾಗುವುದಿಲ್ಲ. ಜನ ಇನ್ನೂ ನಗುತ್ತಿರುವಾಗ ಪಕ್ಕದಿಂದ ಒಂದು ಕೈ ಮೆಲ್ಲಗೆ ಬಂತು. ಭಾವ. ಬಾಸಿಂಗದ ದಾರದ ಗುರುತು ಇನ್ನೂ ಹಣೆಯಿಂದ ಹೋಗದ ಮದುಮಗ, ನೇರಕ್ಕೆ ಮುಂದೆ ನೋಡುತ್ತಲೇ ನನ್ನ ಎಲೆಯಿಂದ ತುಂಡುಗಳನ್ನೆಲ್ಲ ಎತ್ತಿ ತನ್ನ ಎಲೆಗಿಟ್ಟುಕೊಂಡು ತಿಂದುಬಿಟ್ಟರು. ಎಂಜಲೆಂದು ನೋಡಲಿಲ್ಲ. ಕಂಬದ ಪಕ್ಕ ಅಕ್ಕ ಬಕೆಟ್ಟಿನ ಹಿಡಿ ತಿರುಗಿಸುವುದನ್ನು ನಿಲ್ಲಿಸಿದ್ದಳು. ನನ್ನ ಎಲೆ ಕನ್ನಡಿಯಂತಿತ್ತು.

ಈಗ ಗೊತ್ತಾಯಿತಲ್ಲ, ಮೊನ್ನೆ ಜಗಲಿಯಲ್ಲಿ ನಾವಿಬ್ಬರೂ ಯಾಕೆ ನಕ್ಕೆವು ಎಂದು.

ಊಟಕ್ಕೆ ಅಕ್ಕ ನಮ್ಮಿಬ್ಬರಿಗೂ ಜಗಲಿಯಲ್ಲೇ ತಟ್ಟೆ ಹಾಕಿದಳು. ಭಾನುವಾರದ ಬಾಡು, ಅಭ್ಯಾಸ ಬಲದಲ್ಲಿ ಭಾವನ ತಟ್ಟೆಗೂ ತುಂಡು ಬಿತ್ತು. ಭಾವ ಅದನ್ನು ನೋಡಿದರು. ನಾನು ಮುಂದಕ್ಕೆ, ಗೇಟಿನ ಕಡೆ ನೋಡುತ್ತಲೇ ಕೈಚಾಚಿ ಎಲ್ಲವನ್ನೂ ಎತ್ತಿಕೊಂಡೆ. ಇಂಥ ಋಣ ತೀರಿಸುವುದು ನನಗೆ ತುಂಬ ಇಷ್ಟ. ಭಾವ ಮುದ್ದೆಯನ್ನು ಹೂವಿನಂತೆ ನುಂಗುತ್ತ ಕೂತರು, ಹೇಳಿಕೇಳಿ ದೊಡ್ಡಪ್ಪನ ಮನೆತನ.

ಅವರ ಮಗಳು ಪುಟ್ಟಿ ನಮ್ಮ ನಡುವೆ ಕೂತಿದ್ದಳು. ಇನ್ನೂ ಸ್ಕೂಲಿಗೆ ಹೋಗದ ಚೋಟು. ಮುದ್ದೆಯ ಚೂರೊಂದನ್ನು ಬಾಯಿಗಿಟ್ಟುಕೊಂಡು, ಗೋಡೆ ಕಡೆ ತಿರುಗಿ, ಚೆನ್ನಾಗಿ ಅಗಿಯತೊಡಗಿದಳು.

“ನೋಡು, ಥೇಟ್ ನೀನೇ” ಎಂದಳು ಅಕ್ಕ. “ಇವಳ ದೊಡ್ಡ ತಾತನ ಮುಂದೆ ನಾನು ಹೆಂಗೋ ತಲೆ ಎತ್ತೋದು?”

ನಾನು ಟವೆಲ್ ತಲೆಗೆಳೆದುಕೊಂಡೆ. ಅಜ್ಜಿ ಹೋಗಿ ಒಂದು ವರ್ಷವಾಯಿತು, ಆಮೇಲೆ ನಾನು ಆ ಐಟಂ ಮಾಡಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಒಂದು ಕಣ್ಣು ಮುಚ್ಚಿದೆ, ಕತ್ತು ಚಾಚಿದೆ, ನುಂಗಿದೆ. “ಹ್ಞೂಂ.”

ಪುಟ್ಟಿ ನನ್ನನ್ನೇ ದಿಟ್ಟಿಸಿದಳು. ಆಮೇಲೆ ಫ್ರಾಕಿನ ಹಿಂಭಾಗವನ್ನು ಹೊಟ್ಟೆ ಬೆನ್ನೆಲ್ಲ ಕಾಣುವಂತೆ ತಲೆಯ ಮೇಲಕ್ಕೆಳೆದು ಮೂಗಿನ ತನಕ ಇಳಿಸಿಕೊಂಡಳು. ಅಳತೆ ತಿಳಿಯದೆ ಎರಡೂ ಕಣ್ಣು ಮುಚ್ಚಿದಳು. ಮುದ್ದೆಯ ಚೂರು ಒಳಗೆ ಹೋಯಿತು. ದವಡೆ ಅಲ್ಲಾಡಲಿಲ್ಲ.

“ಹ್ಞೂಂ” ಎಂದಳು.

ಭಾವ ಕೆನ್ನೆ ಹಿಡಿದುಕೊಂಡು ಗೋಡೆಗೊರಗಿಬಿಟ್ಟರು. ಅಕ್ಕ ಸೌಟು ಹಿಡಿದು ಅಲ್ಲೇ ನಿಂತಿದ್ದಳು. ನಗುತ್ತಾಳೆಂದುಕೊಂಡೆ. ಅವಳು ಬಗ್ಗಿ, ಮಗಳ ತಲೆಯ ಮೇಲಿನ ಫ್ರಾಕನ್ನು ಎರಡು ಬೆರಳಲ್ಲಿ ಮೇಲಕ್ಕೆ ಸರಿಸಿದಳು.

“ಅಷ್ಟು ಕೆಳಕ್ಕೆ ಎಳೀಬೇಡ್ವೇ ಪುಟ್ಟಿ. ಹಣೆ ಕಾಣ್ಬೇಕು.”

ನಾನೂ ನನ್ನ ಟವೆಲ್ಲನ್ನು ಒಂದಿಷ್ಟು ಮೇಲಕ್ಕೆ ಸರಿಸಿಕೊಂಡೆ. ತಟ್ಟೆಯಲ್ಲಿ ಇನ್ನೂ ಮುದ್ದೆ ಇತ್ತು. ಟವೆಲ್ ತೆಗೆಯದೆ ಊಟ ಮುಗಿಸಿದೆ.