ಕುಂಕುಮ ಇಟ್ಟು ಹಂಚಿದ ವಿಸಿಟಿಂಗ್ ಕಾರ್ಡು

ಅಟ್ಟೂರಿನ ಚಿಕ್ಕಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಆ ದಿನ ಇದ್ದದ್ದು ನಾವು ಮೂವರೇ. ಚಿಕ್ಕಮ್ಮ ಚಾಪೆಯ ಮೇಲೆ ಕಾಲು ಚಾಚಿ ಹತ್ತಿ ಹೊಸೆಯುತ್ತಿದ್ದಳು. ಚಿಕ್ಕಪ್ಪ ಕುರ್ಚಿಯಲ್ಲಿ ಕೂತು, ಮೂಗಿಗೆ ಟವೆಲ್ ಹಿಡಿದು ಸೀನುತ್ತಿದ್ದರು. ನಾನು ಮೊಬೈಲಿನಲ್ಲಿ ಚಿಕ್ಕಮ್ಮನ ವ್ಯಾಪಾರಕ್ಕೊಂದು ವಿಸಿಟಿಂಗ್ ಕಾರ್ಡು ತಯಾರಿಸುತ್ತಿದ್ದೆ. ದಿವಾನದ ಮೇಲೆ, ಬಂದ ನೆಂಟರು ಮಲಗಿದ ಹಾಗೆ, ಗೆಜ್ಜೆವಸ್ತ್ರದ ರಾಶಿ. ದೇವರಿಗೆ ಹಾಕುವ ಹತ್ತಿಯ ಹಾರಗಳು: ಕುಂದನ್ ಅಂಟಿಸಿದ್ದು, ಮಣಿ ಪೋಣಿಸಿದ್ದು, ಬಾಗಿಲಿಗೆ ಕಟ್ಟಿದರೂ ಮಿಗುವಷ್ಟು ಉದ್ದದ್ದು. ಮಹಾಲಕ್ಷ್ಮಿಗೆ ಕತ್ತು ಒಂದೇ ಎಂಬುದು ಚಿಕ್ಕಮ್ಮನಿಗೆ ಮರೆತುಹೋದಂತಿತ್ತು.

"ವರಮಹಾಲಕ್ಷ್ಮಿ ಹಬ್ಬದೊಳಗೆ ಇದು ಮಾರಾಟ ಆಗ್ಬೇಕು," ಎಂದರು ಚಿಕ್ಕಪ್ಪ. "ಇಲ್ಲಾಂದ್ರೆ ಎಲ್ಲಾ ಬಿಚ್ಚಿ ದಿಂಬಿಗೆ ತುಂಬಿಸ್ತೀನಿ. ಆಮೇಲೆ ಬಿಸಿನೆಸ್ಸು ಗಿಸಿನೆಸ್ಸು ಅಂತ ಮಾತೆತ್ತಂಗಿಲ್ಲ."

"ತುಂಬ್ಸಿ. ಕುಂದನ್ ಕೆನ್ನೆಗೆ ಚುಚ್ಚಿದಾಗ ಗೊತ್ತಾಗುತ್ತೆ."

ಬಾಯಲ್ಲಿ ಹಾಗೆಂದರೂ ಅವಳ ಕೈ ನಿಂತಿತ್ತು. ಅವಳು ಮಾಡಿದ್ದನ್ನು ಚೆನ್ನಾಗಿದೆ ಎಂದವರು ಬೇಕಾದಷ್ಟು ಜನ. ಎಷ್ಟು ಎಂದು ಕೇಳಿದವರು ಯಾರೂ ಇಲ್ಲ. ಯಾರಾದರೂ ಹಾಗೆ ಕೇಳಲಿ ಎಂಬುದೇ ಅವಳ ಆಸೆ. ಕಾರ್ಡು ಮಾಡಿಸಲು ಹೊರಟದ್ದೂ ಅದಕ್ಕೇ.

ನಾನು ಬಿಳಿ ಕಾಗದ, ಸಣ್ಣ ಬೂದು ಅಕ್ಷರ, ಮೂಲೆಯಲ್ಲೊಂದು ಹತ್ತಿ ಹೂವು ಇಟ್ಟು ತೋರಿಸಿದೆ. ಚಿಕ್ಕಪ್ಪ ಕನ್ನಡಕ ಏರಿಸಿ, "ಕಣ್ಣಿನ ಡಾಕ್ಟ್ರು ಓದ್ಸೋ ಬೋರ್ಡಲ್ಲಿ ಕೊನೇ ಸಾಲು ಇದ್ದಂಗಿದೆ," ಎಂದರು. ಚಿಕ್ಕಮ್ಮನಿಗೆ ಅದು ತಿಥಿಯ ಕಾರ್ಡಿನಂತೆ ಕಂಡಿತು. "ಒಂದು ಗಣಪತಿ ಇಲ್ಲ, ಒಂದು ಬಣ್ಣ ಇಲ್ಲ. ಯಾರ್ ಹೋದ್ರು ಅಂತ ಕೇಳ್ತಾರೆ ಕಣೇ."

ಅವಳೇ ಯಲಹಂಕದ ಒಂದು ಪ್ರೆಸ್ಸಿಗೆ ಹೋಗಿ ಹೊಡೆಸಿಕೊಂಡು ಬಂದಳು. ಆ ಪುಣ್ಯಾತ್ಮ ಹುಟ್ಟಿದಾಗಿನಿಂದ ಮದುವೆ, ಗೃಹಪ್ರವೇಶದ ಕಾರ್ಡು ಬಿಟ್ಟು ಬೇರೇನೂ ಹೊಡೆದವನಲ್ಲ. ಅರಿಶಿನ ಬಣ್ಣದ ಕಾರ್ಡು, ನೆತ್ತಿಯ ಮೇಲೆ ಗಣಪತಿ, ಎರಡು ಕಡೆ ಬಾಳೆಕಂದು, ನಡುವೆ ಚಿಕ್ಕಮ್ಮನ ಹೆಸರು, ಫೋನ್ ನಂಬರು; ಏನು ವ್ಯಾಪಾರ ಎಂಬುದು ಮಾತ್ರ ಎಲ್ಲೂ ಇಲ್ಲ. ಕೆಳಗೆ ಜಾಗ ಉಳಿಯಿತೆಂದು ಅಭ್ಯಾಸಬಲದಿಂದ 'ತಮ್ಮ ಆಗಮನಾಭಿಲಾಷಿಗಳು' ಎಂದೂ ಸೇರಿಸಿದ್ದ. ತೆಗೆಸು ಎಂದೆ. "ಇರ್ಲಿ ಬಿಡು, ಎಷ್ಟು ಮರ್ಯಾದಸ್ತ ಮಾತು," ಎಂದಳು.

ಇಷ್ಟರಲ್ಲೇ ನಿಂತಿದ್ದರೆ ಬದುಕುತ್ತಿದ್ದೆವು. ಆದರೆ ಬಾಳೆಕಂದು ಇರುವ ಕಾರ್ಡನ್ನು ಬರಿಗೈಯಲ್ಲಿ ಕೊಡುವುದು ಚಿಕ್ಕಮ್ಮನ ಜಾಯಮಾನದಲ್ಲೇ ಇಲ್ಲ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದಳು. ರೇಷ್ಮೆ ಸೀರೆಯುಟ್ಟು, ಬೆಳ್ಳಿ ಕುಂಕುಮದ ಬಟ್ಟಲು ಹಿಡಿದು, ನನ್ನನ್ನೂ ಎಳೆದುಕೊಂಡು ರಸ್ತೆಯ ಮನೆಮನೆ ಹತ್ತಿದಳು. ಬ್ಯಾಟರಾಯನಪುರದ ನೆಂಟರ ಮನೆಗೂ ಹೋದೆವು. ಎಲ್ಲ ಕಡೆ ಹೆಂಗಸರ ಹಣೆಗೆ ಕುಂಕುಮ ಇಟ್ಟು, ಕಾರ್ಡು ಕೊಟ್ಟು, "ಭಾನುವಾರ ಮನೆಮಂದಿಯೆಲ್ಲಾ ಬರ್ಬೇಕು," ಎಂದಳು. ಯಾತಕ್ಕೆ ಬರಬೇಕು ಎಂದು ಅವಳೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಬಂದರು. ಹಬ್ಬಕ್ಕೆ ಮುಂಚಿನ ಭಾನುವಾರ ಬೆಳಿಗ್ಗೆಯೇ ಬ್ಯಾಟರಾಯನಪುರದವರು ಬ್ಲೌಸ್ ಪೀಸು, ಬಾಳೆಹಣ್ಣು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಟೈಮ್ ಹಾಕಿಲ್ವಲ್ಲ ಕಣ್ರೀ, ಅದ್ಕೆ ಬೇಗನೇ ಬಂದ್ಬಿಟ್ವಿ." ಅವರ ಹಿಂದೆಯೇ ಅರ್ಧ ರಸ್ತೆ. ಒಬ್ಬರು ಚಿಕ್ಕಪ್ಪನಿಗೆ ಷಷ್ಟ್ಯಬ್ದಿಯ ಶುಭಾಶಯ ಹೇಳಿ ಶಾಲು ಹೊದಿಸಿಯೂಬಿಟ್ಟರು. ಚಿಕ್ಕಪ್ಪ ಶಾಲು ಹೊದ್ದೇ ಕಾಫಿ ಹಂಚಿದರು.

ಗೆಜ್ಜೆವಸ್ತ್ರಗಳನ್ನು ಎಲ್ಲರೂ ಮುಟ್ಟಿ ನೋಡಿ ಹೊಗಳಿದರು. ಹೊಗಳಿದವರಿಗೆಲ್ಲ ಚಿಕ್ಕಮ್ಮ ತಾಂಬೂಲದ ಜೊತೆ ಒಂದೊಂದು ಇಟ್ಟು ಕೊಟ್ಟುಬಿಡುತ್ತಿದ್ದಳು. ಅಡುಗೆಮನೆಗೆ ಎಳೆದು ಕೇಳಿದೆ: "ರೇಟ್ ಹೇಳು ಚಿಕ್ಕಮ್ಮ. ಏನ್ ಮಾಡ್ತಿದೀಯ?"

"ಕುಂಕುಮ ಇಟ್ಟು ಕರ್ದೋರ ಹತ್ರ ದುಡ್ಡು ಕೇಳ್ತಾರೇನೇ? ನಾಳೆ ನಾಮಕರಣಕ್ಕೆ ಹೋದ್ರೆ ಪಾಯಸಕ್ಕೆ ಬಿಲ್ ಹಾಕ್ತಾರೆ." ಹೇಳುತ್ತಾ ಹೇಳುತ್ತಾ ಅವಳಿಗೇ ಅರ್ಥವಾಯಿತು. ಕಾರ್ಡು ಕೊಟ್ಟವರೆಲ್ಲ ಅತಿಥಿಗಳಾಗಿದ್ದರು. ಗಿರಾಕಿಯಾಗಲು ಅಟ್ಟೂರಿನಲ್ಲಿ ಯಾರೂ ಉಳಿದಿರಲಿಲ್ಲ. ಹೊರಗೆ ಚಿಕ್ಕಪ್ಪ, "ದಿಂಬಿನ ಕವರ್ ಎಲ್ಲಿಟ್ಟಿದೀಯೇ?" ಎಂದು ಕೇಳುವುದು ಕೇಳಿಸಿತು.

ಸಂಜೆ, ರಾಶಿ ಅರ್ಧಕ್ಕಿಳಿದಿದ್ದಾಗ, ಎದುರುಮನೆಯಾಕೆ ಬಂದರು. ಅವರ ಕಾರು ಚಿಕ್ಕಮ್ಮನ ರಂಗೋಲಿಯ ಮೇಲೆ ನಿಲ್ಲುತ್ತದೆಂದು ಜಗಳವಾಗಿ, ಇಬ್ಬರೂ ಮಾತು ಬಿಟ್ಟು ಬಹಳ ಕಾಲವಾಗಿತ್ತು.

"ಇಡೀ ರಸ್ತೆಗೆ ಕುಂಕುಮ ಕೊಟ್ರಂತೆ. ನಮ್ಮನೆ ಗೇಟು ಕಾಣ್ಲಿಲ್ವಾ?"

"ಕಾರು ಅಡ್ಡ ಇತ್ತು," ಎಂದಳು ಚಿಕ್ಕಮ್ಮ.

"ನಾನೇನು ಕರೆಸ್ಕೊಂಡು ಬಂದಿಲ್ಲ. ಪುಕ್ಸಟ್ಟೆ ಏನೂ ಬೇಡ ನಂಗೆ." ಕುಂದನ್ ಹಾರವೊಂದನ್ನು ಎತ್ತಿದರು. "ಇದೆಷ್ಟು?"

ಚಿಕ್ಕಮ್ಮ ನನ್ನ ಮುಖ ನೋಡಿದಳು, ಚಿಕ್ಕಪ್ಪನ ಮುಖ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಐನೂರು," ಎಂದಳು.

"ಹತ್ತೀನಾ ಚಿನ್ನಾನಾ?"

"ನೀವ್ ಕೇಳಿದ್ರಿ, ನಾನ್ ಹೇಳ್ದೆ."

ಚೌಕಾಸಿ ಮಾಡಿದರೆ ಆಕೆಯ ಮರ್ಯಾದೆ ಹೋಗುತ್ತಿತ್ತು, ಇಳಿಸಿದರೆ ಇವಳದು. ಬಾಗಲೂರಿನ ಬೀಗರಿಗೆ, ಬೀಗರ ನೆಂಟರಿಗೆ ಎಂದು ಹೇಳುತ್ತಾ ಆಕೆ ದಿವಾನದ ಮೇಲಿದ್ದದ್ದನ್ನೆಲ್ಲ ಆರಿಸಿ ಚೀಲಕ್ಕೆ ತುಂಬಿಕೊಂಡರು. ಚಿಕ್ಕಮ್ಮ ದುಡ್ಡನ್ನು ಎರಡು ಕೈಯಲ್ಲಿ ತೆಗೆದುಕೊಂಡಳು. ಚಿಕ್ಕಪ್ಪ ಹೋಗಿ ಖಾಲಿ ದಿವಾನದ ಮೇಲೆ ಮಲಗಿದರು.

ಹಬ್ಬ ಮುಗಿದ ಮೇಲೆ ಬಾಗಲೂರಿನ ಬೀಗರಿಂದ ಗೌರಿ ಹಬ್ಬಕ್ಕೆ ಆರ್ಡರ್ ಬಂತು. ಎದುರುಮನೆಯಾಕೆ ಮತ್ತು ಚಿಕ್ಕಮ್ಮ ಒಂದೇ ಬಸ್ಸಿನಲ್ಲಿ ಯಶವಂತಪುರಕ್ಕೆ ಹೋಗಿ ಹತ್ತಿ ತಂದರು. ಬರುವಾಗ ಕಿಟಕಿ ಸೀಟಿಗೆ ಜಗಳವಾಯಿತಂತೆ.