ತಾತನ ದನಿಯಲ್ಲಿ ಕಿತ್ತ ಫ್ಯೂಸು

ಹೊಗೆ ಕಂಡರೆ ಕಿರುಚುವ ಒಂದು ಬಿಳಿ ಡಬ್ಬಿಯನ್ನು ಸೀಲಿಂಗಿಗೆ ಹಾಕಿಕೊಡಲು ನಾನು ಮತ್ತು ಭಾವ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬೈಕಿನಲ್ಲಿ ಹೊರಟಿದ್ದೆವು. ಭಾವ ಅಂದರೆ ನನ್ನ ಅಕ್ಕನ ಗಂಡ, ವೈರಿಂಗ್ ಕೆಲಸದವನು. ನಾನು ಅವನ ಜೊತೆಗಾರ. ಕೆಲಸದಲ್ಲಿ ಅರ್ಧ ಪಾಲು, ಮಾತಿನಲ್ಲಿ ಎರಡು. ಯಾರ ದನಿಯನ್ನಾದರೂ ಸರಿ, ಎರಡು ಸಲ ಕೇಳಿಸಿಕೊಂಡರೆ ಮೂರನೆಯ ಸಲ ಅದು ನನ್ನ ಗಂಟಲಲ್ಲಿ ಇರುತ್ತಿತ್ತು. ಆವತ್ತೂ ಹಿಂದಿನ ಸೀಟಿನಲ್ಲಿ ಕೂತು ನಮ್ಮವ್ವನ ದನಿಯಲ್ಲಿ ಭಾವನನ್ನು ಕಾಡುತ್ತಿದ್ದೆ.

"ಅಳಿಯಂದ್ರೇ, ಮೆತ್ಗೆ ಹೋಗ್ರಿ. ನನ್ ಮಗ್ಳು ಇನ್ನೂ ಬಾಳಿ ಬದುಕ್ಬೇಕು."

"ಲೇ, ಬಾಯ್ಮುಚ್ಕಂಡ್ ಕೂತ್ಕಳಲೇ. ಮನೇಲಿ ಒಬ್ರೇ ಅತ್ತೆ ಅಂದ್ಕಂಡಿದ್ದೆ, ಬೈಕ್ ಮೇಲೂ ಒಬ್ರು ಅವ್ರೆ."

ಡಬ್ಬಿ ತರಿಸಿದ್ದು ಚಳ್ಳಕೆರೆಯಲ್ಲಿ ನಮ್ಮ ಪಕ್ಕದ ಮನೆಯಾಕೆ. ಮೊಳಕಾಲ್ಮೂರಿನದು ಆಕೆಯ ತವರುಮನೆ. ಅಪ್ಪ ರೇಷ್ಮೆ ಸೀರೆ ನೇಯುವವರು, ಎಪ್ಪತ್ತು ದಾಟಿದವರು. ಹಿಂದಿನ ತಿಂಗಳು ಮಗ್ಗದ ಪಕ್ಕ ಹಚ್ಚಿಟ್ಟ ದೀಪವನ್ನು ಹಾಗೇ ಬಿಟ್ಟು ಟೀ ಕುಡಿಯಲು ಹೋಗಿ, ಬರುವಷ್ಟರಲ್ಲಿ ಮಗ್ಗಕ್ಕೆ ಬಿಗಿದಿದ್ದ ರೇಷ್ಮೆ ಎಳೆಗಳ ಹಾಸಿನ ಅಂಚು ಗೇಣುದ್ದ ಕರಕಲಾಗಿತ್ತಂತೆ. ಆರಿಸಿಯೇ ಹೋಗಿದ್ದೆ ಎಂದು ಅಪ್ಪ. ಆರಿಸಿಲ್ಲ ಎಂದು ಮನೆಮಂದಿಯೆಲ್ಲ. "ಅಪ್ಪಂಗೆ ಮರೆವು ಜಾಸ್ತಿ ಆಗೈತೆ. ಇನ್ನೊಂದ್ ಸಲ ಹಿಂಗೇನಾರ ಆದ್ರೆ ಮಗ್ಗಕ್ಕೆ ಇಳಿಯಾಕ್ ಬಿಡಲ್ಲ" ಎಂದು ನಮ್ಮ ಮುಂದೆಯೇ ಆಕೆ ತೀರ್ಪು ಕೊಟ್ಟಿದ್ದಳು. ಬ್ಯಾಟರಿಯದಾದರೆ ಬದಲಾಯಿಸುವುದನ್ನೂ ಮರೆಯುತ್ತಾರೆಂದು, ಮನೆಯ ಕರೆಂಟಿನಲ್ಲೇ ನಡೆಯುವಂಥದ್ದನ್ನು ಆರಿಸಿದ್ದಳು.

ಮೊಳಕಾಲ್ಮೂರು ತಲುಪಿ, ಆಕೆಯ ಅಪ್ಪನ, ಅಂದರೆ ತಾತನ, ಹಿಂದೆ ಮಗ್ಗದ ಕೋಣೆಗೆ ಹೋಗಿ ಕತ್ತೆತ್ತಿ ನೋಡಿದೆ. ಮಗ್ಗದ ನೆತ್ತಿಯ ಮೇಲೇ ಫ್ಯಾನು. ನನ್ನ ಬುದ್ಧಿವಂತಿಕೆ ಕೂಡಲೇ ಹೊರಬಿತ್ತು.

"ಫ್ಯಾನಿನ ವೈರಿಂದ ತಗಂಡ್ರಾಯ್ತಲ್ಲ ಭಾವ. ಐದ್ ನಿಮಿಷದ ಕೆಲ್ಸ."

ತಾತ ನಕ್ಕುಬಿಟ್ಟರು. "ಈ ಫ್ಯಾನು ತಿರುಗಿ ಎರಡು ವರ್ಷ ಆಗೈತೆ ನಾಯನಾ. ಗಾಳಿಗೆ ಎಳೆ ಅಲ್ಲಾಡಿದ್ರೆ ನೇಯಾದೆಂಗೆ?"

ಸ್ವಿಚ್ಚೇ ಹಾಕದ ಫ್ಯಾನಿನಿಂದ ಕರೆಂಟು ತಂದರೆ ಡಬ್ಬಿ ಸತ್ತಂತೆಯೇ. ಹಾಗಾಗಿ ಯಾವ ಸ್ವಿಚ್ಚಿನ ಹಂಗೂ ಇಲ್ಲದೆ ಸದಾ ಕರೆಂಟಿರುವ ವೈರನ್ನೇ ಹಿಡಿಯಬೇಕಿತ್ತು. ಅದು ಸಿಗುವುದು ಗೋಡೆಯ ಮೇಲ್ತುದಿಯ ಜಂಕ್ಷನ್ ಬಾಕ್ಸಿನಲ್ಲಿ. ಅಲ್ಲಿಗೆ ಕೈ ಹಾಕುವ ಮುಂಚೆ ಹೊರಗಿನ ಜಗುಲಿಯ ಬೋರ್ಡಿನಲ್ಲಿ ಪಿಂಗಾಣಿಯ ಫ್ಯೂಸನ್ನು ಕೀಳಲೇಬೇಕು. ಭಾವ ಸ್ಟೂಲು ಹತ್ತಿದ. ಬೋರ್ಡಿನ ಹತ್ತಿರ ತಾನು ನಿಲ್ಲುತ್ತೇನೆಂದು ತಾತ ಹಟ ಹಿಡಿದರು.

"ಕಿತ್ತ ಮೇಲೆ ಗಟ್ಟಿಯಾಗ್ ಕೂಗ್ರಿ ತಾತ. ನೀವು ಕೂಗಾತನಕ ನಾನು ಮುಟ್ಟಲ್ಲ" ಎಂದ ಭಾವ.

"ಏನಂತ ಕೂಗ್ಲಿ?"

"ಕಿತ್ತಾಯ್ತು ಅನ್ರಿ, ಸಾಕು."

ತಾತ ಅಲ್ಲೇ ನಿಂತು ಎರಡು ಸಲ ಅಭ್ಯಾಸ ಮಾಡಿದರು. "ಕಿತ್ತಾಯ್ತೂ ನಾಯನಾ! ಹಿಂಗಾ?" ಅಪ್ಪಾ ಅನ್ನುವಂಥ ಆ ನಾಯನಾದ ಕೊನೆಯಲ್ಲಿ ದನಿ ಒಂಚೂರು ಮೇಲೆದ್ದು ಅವರ ಮನೆಮಾತು ತೆಲುಗಿನ ಕಡೆಗೆ ವಾಲುತ್ತಿತ್ತು. ನಾನು ಎರಡೂ ಸಲ ಕೇಳಿಸಿಕೊಂಡೆ. ತಾತ ಜಗುಲಿಗೆ ಹೋದರು.

"ನೀರ್ ತಗಂಡ್ ಬಾರಲೇ" ಎಂದು ಭಾವ ನನ್ನನ್ನು ಅಡಿಗೆಮನೆಗೆ ಕಳಿಸಿದ. ಅಲ್ಲಿ ತಾತನ ಹೆಂಡತಿ, ಅಜ್ಜಿ ಇದ್ದರು. ನನ್ನ ವಿದ್ಯೆಯ ಸುದ್ದಿ ಮಗಳ ಫೋನಿನಲ್ಲಿ ಅವರಿಗೆ ಆಗಲೇ ತಲುಪಿತ್ತು. "ನೀನೇ ಏನಪ್ಪ ಎಲ್ರಂಗೂ ಮಾತಾಡ್ತೀಯಂತಲ್ಲ? ನಮ್ಮನೆಯವ್ರಂಗೆ ಮಾತಾಡು ನೋಡಾನ" ಎಂದರು. ಕೇಳಿದವರಿಗೆ ಇಲ್ಲ ಎಂದ ಜನ್ಮವಲ್ಲ ನನ್ನದು. ಚೆಂಬು ಕೈಯಲ್ಲಿ ಹಿಡಿದುಕೊಂಡೇ, ಕಿವಿಯಲ್ಲಿ ಬಿಸಿಯಾಗಿದ್ದ ಮಾತನ್ನು ತೆಗೆದು ಕೂಗಿಬಿಟ್ಟೆ.

"ಕಿತ್ತಾಯ್ತೂ ನಾಯನಾ!"

ಅಜ್ಜಿ ಸೆರಗಿಗೆ ಬಾಯಿ ಒತ್ತಿಕೊಂಡು ನಕ್ಕರು. ಆ ನಗು ಮುಗಿದಿರಲಿಲ್ಲ. ಮಗ್ಗದ ಕೋಣೆಯಿಂದ ಒಂದು ಸದ್ದು ಬಂತು. ಅದು ಮನುಷ್ಯರ ಸದ್ದು ಎಂದು ನನಗೆ ಮೊದಲು ಹೊಳೆಯಲೇ ಇಲ್ಲ. ಆಮೇಲೆ ಸ್ಟೂಲು ಉರುಳಿದ್ದು ಕೇಳಿತು.

ಇಬ್ಬರೂ ಓಡಿದೆವು. ಭಾವ ಗೋಡೆಯ ಬುಡದಲ್ಲಿ ಅಂಗಾತ ಬಿದ್ದಿದ್ದ. ಕಣ್ಣು ತೆರೆದಿತ್ತು, ನೋಟ ಇರಲಿಲ್ಲ. ಬಲಗೈ ಎದೆಯ ಮೇಲೆ ತಾನಾಗಿ ಕುಣಿಯುತ್ತಿತ್ತು. ಮುಟ್ಟುವ ಮುಂಚೆ ಒತ್ತಿ ನೋಡಬೇಕಾದ ಟೆಸ್ಟರ್ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ನನಗೆ ಕೂಗಲೂ ಆಗಲಿಲ್ಲ. ನೂರು ಜನರ ದನಿ ಇಟ್ಟುಕೊಂಡವನಿಗೆ ಆ ಹೊತ್ತಿನಲ್ಲಿ ತನ್ನದೇ ಒಂದು ದನಿ ಸಿಗಲಿಲ್ಲ.

ಅಜ್ಜಿ ನನ್ನ ಕೈಯ ಚೆಂಬು ಕಿತ್ತುಕೊಂಡು ಅವನ ಮುಖಕ್ಕೆ ನೀರು ಎರಚಿದರು. ಭಾವ ಉಸಿರೆಳೆದ. ಬೆರಳುಗಳತ್ತ ನೋಡಿಕೊಂಡ. ಎರಡರ ತುದಿ ಬೆಳ್ಳಗಾಗಿತ್ತು.

"ತಾತ... ಕಿತ್ತಾಯ್ತು ಅಂದ್ರಲ್ರಿ" ಎಂದ.

ಬಾಗಿಲಲ್ಲಿ ತಾತ ನಿಂತಿದ್ದರು. ಎರಡೂ ಕೈ ಖಾಲಿ. ಬಿಗಿಯಾಗಿದ್ದ ಫ್ಯೂಸು ಇನ್ನೂ ಬೋರ್ಡಿನಲ್ಲೇ ಇತ್ತು.

"ಹೂಂ ನಾಯನಾ, ಅಂದೆ. ನಂಗೇ ಕೇಳಿಸ್ತು" ಎಂದರು. "ಕೈ ಇನ್ನೂ ಫ್ಯೂಸಿನ ಮೇಲೇ ಇತ್ತು. ಬಾಯಿ ಮೊದ್ಲೇ ಕೂಗ್ಬಿಡ್ತು."

ಮಗ್ಗದ ಕಟ್ಟೆಯನ್ನು ಹಿಡಿದು ಅವರು ಮೆಲ್ಲಗೆ ಕೂತರು. "ಮಗಳು ಹೇಳಾದೇ ಸರಿ. ದೀಪಾನೂ ನಾನೇ ಮರ್ತಿದ್ದೆ ಅಂತ ಕಾಣ್ತೈತೆ. ಈ ಸೀರೆ ಮುಗಿಸಿ ಕೈ ತೊಳ್ಕಂತೀನಿ."

ಅಷ್ಟು ಚೆನ್ನಾಗಿ ನಾನು ಯಾರ ದನಿಯನ್ನೂ ಎಂದೂ ಮಾಡಿರಲಿಲ್ಲ. ದನಿಯ ಒಡೆಯನೇ ಅದನ್ನು ತನ್ನದೆಂದು ಒಪ್ಪಿಕೊಂಡು ಕೂತಿದ್ದ. ಅಜ್ಜಿ ನನ್ನನ್ನೇ ನೋಡುತ್ತಿದ್ದರು.

"ತಾತ, ಅದು ನೀವಲ್ಲ. ನಾನು" ಎಂದೆ.

"ನನ್ ತಪ್ಪು ನೀನ್ಯಾಕ್ ಹೊರ್ತೀಯ, ಬಿಡು."

"ದೇವ್ರಾಣೆ ತಾತ, ನಾನೇ ಕೂಗಿದ್ದು. ತಮಾಷೆಗೆ."

"ಹೌದು ಕಣ್ರಿ, ನಾನೇ ಮಾಡು ಅಂದಿದ್ದು" ಎಂದರು ಅಜ್ಜಿ.

"ನೀನು ಇನ್ನೇನ್ ಹೇಳ್ತೀಯ, ನನ್ ಹೆಂಡ್ತಿ" ಎಂದು ತಾತ ನನ್ನತ್ತ ತಿರುಗಿದರು. "ಎಲ್ಲಿ, ಕೂಗು."

ಕೂಗಿದೆ. ಕೆಮ್ಮು ಬಂದ ಮೇಕೆಯ ಸದ್ದು ಹೊರಟಿತು. ಮತ್ತೆ ಕೂಗಿದೆ. ಇನ್ನೂ ಕೆಟ್ಟದಾಗಿತ್ತು. ತಾತ ನನ್ನ ಬೆನ್ನು ತಟ್ಟಿದರು. "ಒಳ್ಳೇ ಹುಡುಗ" ಎಂದರು. ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ಭಾವ ಗೋಡೆಗೆ ಒರಗಿಕೊಂಡೇ ಮಾತಾಡಿದ. "ಲೇ, ಅಡಿಗೆಮನೆಗೆ ಹೋಗು. ಅವ್ರ ಮುಖ ನೋಡ್ತಾ ನಿಂಗೆ ಬರಲ್ಲ. ಹೋಗಿ ಅಲ್ಲಿಂದ ಕೂಗು."

ಹೋದೆ. ಒಲೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಕೂಗಿದೆ. ಬಂತು. ಕೊನೆಯಲ್ಲಿ ಮೇಲೇಳುವ ಆ ಎಳೆತದ ಸಮೇತ ಬಂತು. ನನಗೇ ಮೈ ಜುಮ್ಮೆಂದಿತು.

ಹಿಂತಿರುಗಿ ಬಂದಾಗ ತಾತ ಎದ್ದು ನಿಂತಿದ್ದರು. ಕೈ ತನ್ನ ಗಂಟಲ ಮೇಲಿತ್ತು, ಏನೋ ಕಳೆದಿದೆಯೇ ಎಂದು ತಡವಿ ನೋಡಿಕೊಳ್ಳುವವರಂತೆ. ಅವರು ಬೈಯಲಿಲ್ಲ, ಹೊಡೆಯಲೂ ಇಲ್ಲ. ಅಷ್ಟು ಹೊತ್ತು ಬಾಗಿದ್ದ ಬೆನ್ನು ಮಾತ್ರ ನೆಟ್ಟಗಾಯಿತು. ಹಾಸಿನ ಮೇಲೆ ಬಿದ್ದಿದ್ದ ಭಾವನ ವೈರು ಕತ್ತರಿಸುವ ಪಕ್ಕಡವನ್ನು ಎತ್ತಿಟ್ಟು, ಅದಕ್ಕೆ ಸಿಕ್ಕು ತುಂಡಾಗಿದ್ದ ಎಳೆಗಳನ್ನು ಒಂದೊಂದಾಗಿ ಕೂಡಿಸತೊಡಗಿದರು. ಬೆರಳು ಎಲ್ಲೂ ತಪ್ಪಲಿಲ್ಲ.

ಆಸ್ಪತ್ರೆಗೆ ಹೋಗೋಣ ಎಂದರೆ ಭಾವ ಕೇಳಲಿಲ್ಲ, ಕೆಲಸ ಮುಗಿಸಿಯೇ ಹೋಗೋಣ ಎಂದ. ಈ ಸಲ ಸ್ಟೂಲು ಹತ್ತಿದ್ದು ನಾನು. "ತಾತ, ಫ್ಯೂಸು" ಎಂದ ಭಾವ. ತಾತ ಹೊರಗೆ ಹೋದರು. ನಾವು ಕೂಗಿಗಾಗಿ ಕಾದೆವು. ಕೂಗು ಬರಲಿಲ್ಲ. ತಾತನೇ ಬಂದರು, ಫ್ಯೂಸನ್ನು ಭಾವನ ಎಡ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಗೆ ಇಳಿದರು.

ನಾನು ಮೂರು ಸಲ ಟೆಸ್ಟರ್ ಇಟ್ಟು ನೋಡಿ ವೈರು ಸೇರಿಸಿದೆ. ಫ್ಯೂಸು ಹಾಕಿದ ಮೇಲೆ ಡಬ್ಬಿಯ ಹಸಿರು ದೀಪ ಹೊತ್ತಿತು. "ಇದು ಯಾವಾಗ್ಲೂ ಹತ್ಕಂಡಿರಬೇಕು ತಾತ" ಎಂದೆ. ತಲೆಯಾಡಿಸಿದರು. "ಬರ್ತೀವಿ ತಾತ" ಎಂದೆ. ಕೈ ಎತ್ತಿದರು.

ಬೈಕಿನ ಹತ್ತಿರ ಬಂದಾಗ ಸಾಮಾನಿನ ಚೀಲ ಒಳಗೇ ಉಳಿದಿದ್ದು ನೆನಪಾಗಿ ವಾಪಸ್ ಹೋದೆ. ಮಗ್ಗದ ಕೋಣೆಯಿಂದ ತಾತನ ಮಾತು ಕೇಳುತ್ತಿತ್ತು. ಅಜ್ಜಿಗೆ ತೆಲುಗಿನಲ್ಲಿ ಏನೋ ಜೋರಾಗಿ, ನಗುತ್ತಾ ಹೇಳುತ್ತಿದ್ದರು. ನಾನು ಹೊಸ್ತಿಲ ಮೇಲೆ ಕಾಲಿಟ್ಟೆ. ಅವರು ನನ್ನನ್ನು ನೋಡಿ, ಅರ್ಧ ಹೇಳಿದ್ದ ಮಾತನ್ನು ಬಾಯಲ್ಲೇ ಇಟ್ಟುಕೊಂಡು, ನನ್ನ ಕಿವಿಗೆ ಸಿಗದ ಹಾಗೆ ತುಟಿ ಮುಚ್ಚಿದರು.